ಮಗ್ಗದ ಸದ್ದಿನೊಳಗೆ ಅಮ್ಮನ ಗಂಟಲು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಡುಮನೆಯ ಗೋಡೆಯಾಚೆಗೇ ಎರಡು ಪವರ್‌ಲೂಮ್. ಅವುಗಳ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅಮ್ಮನ ಗಂಟಲು ಊರಗಲವಾಗಿತ್ತು. ಅಕ್ಕನ ನಿಶ್ಚಿತಾರ್ಥದ ದಿನ ಅವಳ ಅತ್ತೆಯಾಗುವವರು, "ಮೆಲ್ಲಗೆ ಮಾತಾಡಿ ಬೀಗ್ರೇ, ಯಾರೂ ಜಗಳಕ್ಕೆ ಬಂದಿಲ್ಲ" ಅಂದು ನಕ್ಕಿದ್ದರು. ಅವರಿಗೆ ಅದು ತಮಾಷೆ. ಅಮ್ಮ ಮಾತ್ರ ಅಂದಿನಿಂದ ಹೊರಗಿನವರ ಮುಂದೆ ಬರೀ ತಲೆಯಾಡಿಸುತ್ತಿದ್ದಳು.

ನಾನು ಮಗ್ಗ ನಡೆಸುವವನೇ ಆದರೂ ಲ್ಯಾಪ್‌ಟಾಪಿನ ಹುಚ್ಚು ಹಿಡಿಸಿಕೊಂಡಿದ್ದೆ. ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ಒಂದಕ್ಕೊಂದು ಗೆರೆ ಎಳೆದು ಜೋಡಿಸಿದರೆ ಚಿತ್ರಗಳು ಕುಣಿಯುವಂಥ ತಂತ್ರಾಂಶವೊಂದಿದೆ. ಕೋಡ್ ಬರೆಯುವ ರಗಳೆಯಿಲ್ಲ. ಅದನ್ನು ಬಳಸುವವರೆಲ್ಲ ತಾವು ಮಾಡಿದ ಮಾದರಿಗಳನ್ನು ಇಂಟರ್ನೆಟ್ಟಿನಲ್ಲಿ ಒಂದೆಡೆ ಹಾಕುತ್ತಾರೆ. ಬೇಕಾದವರು ಇಳಿಸಿಕೊಂಡು, ಬಿಚ್ಚಿ, ಕೆಡಿಸಿ ಕಲಿಯಬಹುದು. ನಾನು ಕಲಿತದ್ದೂ ಹಾಗೇ, ಮುಖ ಕಾಣದವರ ಕೆಲಸವನ್ನು ಕೆಡಿಸಿ. ಎಷ್ಟು ದಿನ ಅಂತ ಬಿಟ್ಟಿ ಊಟ? ನಾನೂ ಒಂದು ಮಾದರಿ ಬಡಿಸಬೇಕೆಂದು ಹಟ ಹುಟ್ಟಿತು.

ನಮ್ಮ ಮಗ್ಗದ ಸದ್ದನ್ನು ಫೋನಿನಲ್ಲಿ ಹಿಡಿದೆ. ನೂಲು ಹೊತ್ತ ಲಾಳಿ ಒಮ್ಮೆ ಓಡಿದರೆ ಪರದೆಯಲ್ಲಿ ಒಂದು ಎಳೆ. ಎಳೆ ಎಳೆ ಸೇರಿ ಸೀರೆಯ ಅಂಚು. ಸದ್ದು ತೀರಾ ಏರಿದರೆ ನಡುವೆ ಕೆಂಪು ಹೂವೊಂದು ಅರಳುವಂತೆ ಜೋಡಿಸಿದೆ. ನಡೆಸಿ ನೋಡಿದಾಗ ಮೂರು ಹೂ ಅರಳಿದವು. ಲಾಳಿ ಜೋರಾಗಿ ಬಡಿದಿರಬೇಕು ಅಂದುಕೊಂಡೆ. ಎರಡು ಮಗ್ಗ ಓಡುವ ಮನೆಯಲ್ಲಿ ಲ್ಯಾಪ್‌ಟಾಪಿನ ಸ್ಪೀಕರ್ ಯಾರಿಗೆ ಕೇಳಿಸಬೇಕು? ಹಾಗೇ ಇಂಟರ್ನೆಟ್ಟಿಗೆ ಹಾಕಿಬಿಟ್ಟೆ.

ನಾಲ್ಕೇ ದಿನಕ್ಕೆ ಯಾರೋ ಬರೆದರು: ಅಂಚು ಸೊಗಸಾಗಿದೆ, ಆದರೆ ಹೂ ಅರಳಿಸುವ ಆ ಹೆಂಗಸು ಯಾರು?

ಕರೆಂಟ್ ಹೋಗಿ ಮಗ್ಗ ನಿಂತಾಗ ಇಯರ್‌ಫೋನ್ ಹಾಕಿ ಕೇಳಿದೆ. ಸದ್ದಿನ ನಡುವಿಂದ ಅಮ್ಮ: "ಲೋ, ನಲ್ಲೀಲಿ ನೀರು ಬಂತು, ಬಿಂದಿಗೆ ಇಡೋ." ಒಂದಲ್ಲ, ಮೂರು ಸಲ. ಯಾವ ಗಂಟಲಿಗೆ ಅಮ್ಮ ನಾಚಿ ಕುಗ್ಗಿದ್ದಳೋ ಅದನ್ನೇ ಲೋಕಕ್ಕೆಲ್ಲ ಹಂಚಿ ಕೂತಿದ್ದೆ. ಅಳಿಸಿ ತೆಪ್ಪಗಿರಬಹುದಿತ್ತು. ಮನಸ್ಸು ಒಪ್ಪದೆ ಅಡುಗೆಮನೆಗೆ ಹೋಗಿ ಅಮ್ಮನಿಗೆ ತೋರಿಸಿದೆ.

"ಇದೇನ್ಲಾ, ನನ್ ಗಂಟ್ಲು?"

"ಗೊತ್ತಾಗ್ದೆ ಸೇರ್ಕೊಂಡೈತೆ ಕಣಮ್ಮ. ತೆಗೆದ್ಬಿಡ್ತೀನಿ."

"ಕೇಳ್ದೋರು ನಗಾಡಿದ್ರಾ?"

"ಇಲ್ಲಮ್ಮ. ಹೂ ಅರಳಿಸೋ ಹೆಂಗ್ಸು ಯಾರು ಅಂತ ಕೇಳವ್ರೆ."

ಅಮ್ಮ ಕೈ ಒರೆಸಿಕೊಂಡು ಮತ್ತೆ ಹಾಕಿಸಿದಳು. ಮತ್ತೊಮ್ಮೆ ನೋಡಿದಳು. "ಮೂರ್ನೇ ಹೂ ಯಾಕೋ ಸಣ್ಣದು," ಅಂದಳು. ಆಮೇಲೆ ಅವಳೇ, "ಅಷ್ಟೊತ್ಗೆ ನೀರು ನಿಂತೋಗಿತ್ತು. ಇನ್ನೇನ್ ಕೂಗೋದು? ಇರ್ಲಿ ಬಿಡು, ತೆಗೀಬೇಡ" ಅಂದಳು.

ಆಮೇಲೆ ಬೇರೆ ಬೇರೆ ದೇಶದ ಜನ ಅದನ್ನು ಇಳಿಸಿಕೊಂಡು ಬೇಕಾದಂತೆ ಮಾರ್ಪಡಿಸಿದರು. ಒಬ್ಬರು ಹೂವಿನ ಬದಲು ಬೆಳ್ಳಕ್ಕಿಗಳನ್ನು ಹಾರಿಸಿದರು, ಇನ್ನೊಬ್ಬರು ಲಾಳಿಯ ಸದ್ದು ತೆಗೆದು ಅಮ್ಮನ ಕೂಗನ್ನಷ್ಟೇ ಉಳಿಸಿಕೊಂಡರು. ಹೂವಿನ ಜತೆ ನಾರೂ ಸ್ವರ್ಗ ಸೇರಿತು ಅನ್ನುತ್ತಾರಲ್ಲ, ಇಲ್ಲಿ ನಾರು ನಾನು. ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಒಂದು ಭಾನುವಾರ ಅಕ್ಕನ ಅತ್ತೆ ನಮ್ಮ ಮನೆಗೆ ಬಂದರು. ಅಮ್ಮ ಎಂದಿನಂತೆ ತಲೆಯಾಡಿಸುತ್ತಾ ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟ ಬೀಗಿತ್ತಿ, "ಏನ್ ಬೀಗ್ರೇ, ಮಾತೇ ಆಡಲ್ವಲ್ಲ ನೀವು" ಅಂದರು. ಅಮ್ಮ ಎರಡು ಮಗ್ಗಗಳ ಸದ್ದನ್ನೂ ಮೀರಿಸಿ ನನ್ನನ್ನು ಕರೆದಳು.

"ಲೋ, ತಗೊಂಬಾರೋ ನಿನ್ ಲ್ಯಾಪ್‌ಟಾಪ್ನ. ಯಾವ್ಯಾವ್ದೋ ದೇಶ್ದೋರೆಲ್ಲ ಕೇಳವ್ರೆ, ನಮ್ ಬೀಗ್ರೂ ಒಂದ್ಸಲ ಕೇಳ್ಲಿ."