ಕೆಂಪು ಗಾಡಿ, ಬೂದು ಗಾಡಿ, ನಡುವೆ ನನ್ನ ಹೊಟ್ಟೆಕಿಚ್ಚು

ಚನ್ನಪ್ಪ ನಮ್ಮ ಮನೆಯ ಮುಂದೆ ಹಾರ್ನ್ ಹೊಡೆದಾಗ ನಾನು ಅರ್ಧ ಗಡ್ಡ ಕೆರೆದುಕೊಂಡಿದ್ದೆ. ಉಳಿದರ್ಧಕ್ಕೆ ಸೋಪಿನ ನೊರೆ ಹಾಗೇ ಇತ್ತು. ಹೊರಗೆ ಬಂದು ನೋಡಿದರೆ ವಿಜಾಪುರದ ನಮ್ಮ ಓಣಿಯ ತುಂಬ ಜನ. ಜನರ ನಡುವೆ ಒಂದು ಕೆಂಪು ಗಾಡಿ. ಗಾಡಿಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡ ನನ್ನ ಶಾಲೆಯ ಗೆಳೆಯ.

"ಹೆಂಗೈತಿ?" ಎಂದ.

ಹೇಗಿತ್ತು ಎಂದು ನಿಮಗೆ ಏನು ಹೇಳಲಿ? ಮೇಲೆ ಚಾವಣಿಯಿಲ್ಲ. ಕೂರಲು ಇಬ್ಬರಿಗೆ ಮಾತ್ರ ಜಾಗ. ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ತಗ್ಗು. ಸೈಕಲ್ಲಿಗಿದ್ದಂತೆ ಗಾಲಿಗೆ ತಂತಿಯ ಕಡ್ಡಿಗಳು. ವಿಲಾಯತಿ ಸ್ಪೋರ್ಟ್ಸ್ ಕಾರು. ಇಂಥದ್ದನ್ನು ನಾನು ಮುಂಬಯಿಯಿಂದ ತರಿಸುವ ಮೋಟಾರು ಮ್ಯಾಗಜಿನ್ನಿನಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಅದರ ಎಂಜಿನ್ ಎಂಥದ್ದು, ಬ್ರೇಕ್ ಎಂಥದ್ದು, ತಿರುವಿನಲ್ಲಿ ಅದು ಹೇಗೆ ಮಾತು ಕೇಳುತ್ತದೆ, ಎಲ್ಲ ಬಾಯಿಪಾಠ. ಆದರೆ ಗಾಡಿ ಹೋಗಿ ನಿಂತದ್ದು ಯಾರ ಹೆಸರಿಗೆ? ಹತ್ತಿ ವ್ಯಾಪಾರಿ ಚನ್ನಪ್ಪನ ಹೆಸರಿಗೆ. ದೇಶ ಬಿಟ್ಟು ಹೊರಟಿದ್ದ ಸಾಹೇಬನೊಬ್ಬನಿಂದ ಮುಂಬಯಿಯಲ್ಲಿ ಕೊಂಡು ತಂದಿದ್ದ.

"ಚಲೋ ಐತಿ," ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟೆ.

"ಲೇ ವಸಂತ್ಯಾ, ಉಂಗುರ ತಗದು ಮುಟ್ಟೋ. ಗೀರು ಬಿದ್ದೀತು."

(ಈ ಮನುಷ್ಯನಿಗೆ ಲೆಕ್ಕ ಹೇಳಿಕೊಟ್ಟು ಮ್ಯಾಟ್ರಿಕ್ ದಾಟಿಸಿದವನು ನಾನು.)

ಒಳಗೆ ಹೋಗಿ ಉಳಿದರ್ಧ ಗಡ್ಡ ಕೆರೆದುಕೊಂಡೆ. ಎರಡು ಕಡೆ ಕೊಯ್ದುಕೊಂಡೆ.

ಒಂದೇ ಹೊಟ್ಟೆಕಿಚ್ಚಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನನಗೆ ಆಗಲೇ ಇನ್ನೊಂದಿತ್ತು.

ತಿಕೋಟಾದ ನೀಲಗಂಗಮ್ಮ ಗೌಡತಿ ನನ್ನ ಕಕ್ಷಿದಾರರು. ಐವತ್ತು ದಾಟಿದವರು. ಗಂಡ ತೀರಿದ ಮೇಲೆ ಹೊಲ, ಮನೆ, ಕೋರ್ಟು ಮೂರನ್ನೂ ಒಬ್ಬರೇ ನಡೆಸಿಕೊಂಡು ಬಂದವರು. ಹೋದ ವರ್ಷ ಹೊಲದ ಬದುವಿನ ತಕರಾರಿಗೆಂದು ಆಫೀಸಿಗೆ ಬಂದಾಗ ಮಾತಿಗೆ ಮಾತು ಬಂದು ನಾನೇ ಹೇಳಿದ್ದೆ. ಕನಮಡಿಯ ಆಚೆ, ಗಡಿ ದಾಟಿದರೆ, ಒಂದು ಹಳೆಯ ಸಂಸ್ಥಾನವಿದೆ. ಆ ಅರಮನೆಯವರು ತಮ್ಮ ಬೂದು ಬಣ್ಣದ ಸ್ಪೋರ್ಟ್ಸ್ ಕಾರು ಮಾರುತ್ತಾರಂತೆ. ನಾನು ಚಿಕ್ಕವನಿದ್ದಾಗ ಆ ಗಾಡಿ ತಿಕೋಟಾ ರಸ್ತೆಯಲ್ಲಿ ನನ್ನನ್ನು ದಾಟಿ ಹೋಗಿತ್ತು. ಅಂದಿನಿಂದ ಅದು ನನ್ನ ತಲೆಯಿಂದ ಇಳಿದಿಲ್ಲ. ಬರುವ ಸೋಮವಾರ ಹೋಗಿ ಮಾತಾಡಿಕೊಂಡು ಬರುವವನಿದ್ದೇನೆ ಎಂದೂ ಹೇಳಿದ್ದೆ.

ಸೋಮವಾರ ಹೋದೆ. ಗಾಡಿ ಶನಿವಾರವೇ ಹೋಗಿತ್ತು. ತಿಕೋಟಾಕ್ಕೆ.

"ನೀವು ಅಷ್ಟು ಹೊಗಳಿದ್ರಿ ಅಂತ ನೋಡಾಕ ಹೋಗಿದ್ನಿರಿ ವಕೀಲ್ರ," ಎಂದರು ಗೌಡತಿ ಮುಂದಿನ ತಾರೀಖಿಗೆ ಬಂದಾಗ. "ಎತ್ತಿನ ಜೋಡಿ ನೋಡಿದಂಗ ಸುತ್ತ ತಿರುಗಿ ನೋಡೀನಿ. ಮನಸಿಗೆ ಬಂತು, ತಂದೀನಿ. ನೀವು ಖರೇನ ತಗೊಳ್ಳಾವ್ರಿದ್ರೇನು?"

ಏನು ಹೇಳಲಿ? ವಕೀಲನಾದವನು ಕಕ್ಷಿದಾರರ ಎದುರು ಕೂತು ಅಳಬಹುದೇ? "ಇಲ್ಲರಿ ಅವ್ವಾರ, ಸುಮ್ನ ಅಂದಿದ್ದೆ," ಎಂದೆ.

ಗಾಡಿಯ ಜೊತೆಗೆ ಅರಮನೆಯ ಡ್ರೈವರ್ ದಸ್ತಗೀರನೂ ಬಂದಿದ್ದ. ಅವನು ಓಡಿಸುತ್ತಿದ್ದ. ಗೌಡತಿ ಪಕ್ಕದಲ್ಲಿ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಕೋರ್ಟಿನ ಆವರಣದಲ್ಲಿ ಆ ಗಾಡಿ ನಿಂತಿದೆ ಎಂದರೆ ನಾನು ಅಡ್ಡಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ.

ಈಗ ನೀವೇ ಹೇಳಿ. ಜಿಲ್ಲೆಗೆ ಎರಡು ಗಾಡಿ ಬಂದವು, ಎರಡೂ ನನ್ನ ಕಣ್ಣ ಮುಂದೆಯೇ ಬರಬೇಕೇ?

ಅವೆರಡೂ ಒಂದೇ ಕಡೆ ಸೇರಿದ್ದು ಮೂರು ತಿಂಗಳ ಹಿಂದೆ, ಬಬಲೇಶ್ವರದ ಒಂದು ಮದುವೆಯಲ್ಲಿ. ಬೇವಿನ ಗಿಡದ ಕೆಳಗೆ ಅಕ್ಕಪಕ್ಕ ನಿಂತವು. ಮದುಮಗನನ್ನು ಬಿಟ್ಟು ಜನ ಇವನ್ನು ನೋಡಲು ಬಂದರು. ಚನ್ನಪ್ಪ ಸುಮ್ಮನಿರಬೇಕಲ್ಲ?

"ಅರಮನಿ ಗಾಡಿ ನೋಡಾಕ ಚಂದ ಐತ್ರಿ ಅವ್ವಾರ. ಆದ್ರ ವಯಸ್ಸಾಗೇತಿ. ನನ್ನ ಗಾಡಿ ಬೆನ್ನ ಹತ್ತಾಕ ಆಗಂಗಿಲ್ಲ."

ಗೌಡತಿ ವೀಳ್ಯದೆಲೆ ಮಡಿಸುತ್ತ ಹೇಳಿದರು: "ವಯಸ್ಸಾದವ್ರು ಬೆನ್ನ ಹತ್ತಂಗಿಲ್ಲಪಾ. ಮೊದಲ ಹೋಗಿ ಕುಂತಿರ್ತಾರ."

ಜನ ನಕ್ಕರು. ಚನ್ನಪ್ಪನ ಕಿವಿ ಅವನ ಗಾಡಿಯ ಬಣ್ಣಕ್ಕೆ ತಿರುಗಿತು. ಊಟ ಮುಗಿಯುವುದರೊಳಗೆ ಪಂದ್ಯ ನಿಕ್ಕಿಯಾಯಿತು. ನಿಡೋಣಿಯ ಆಚೆ ಗಟ್ಟಿ ಮುರಮ್ಮಿನ ಒಂದು ಮಡ್ಡಿ ಇದೆ. ಬಿತ್ತನೆಯಿಲ್ಲ, ಗಿಡವಿಲ್ಲ, ಚಪ್ಪಟೆ ಬಯಲು. ಅಲ್ಲಿ ಸುಣ್ಣದ ಗೆರೆ ಹಾಕಿ ಸುತ್ತು ಮಾಡುವುದು. ಒಂದಾದ ಮೇಲೆ ಒಂದು ಗಾಡಿ ಓಡುವುದು. ನಮ್ಮ ಶಾಲೆಯ ಹಳೆಯ ಡ್ರಿಲ್ ಮಾಸ್ತರರು ಸ್ಟಾಪ್‌ವಾಚ್ ಹಿಡಿಯುವುದು. ತೀರ್ಪು ಕೊಡುವವನು?

"ವಸಂತ್ಯಾನ ಇರ್ಲಿ," ಎಂದ ಚನ್ನಪ್ಪ. "ಗಾಡಿ ಇಲ್ದಾವ. ಯಾರ ಕಡೀನೂ ವಾಲಂಗಿಲ್ಲ."

ಉಪವಾಸ ಇದ್ದವನನ್ನು ಪಂಕ್ತಿಗೆ ಬಡಿಸಲು ನಿಲ್ಲಿಸುವುದು ಎಂದರೆ ಇದೇ.

ಮದುವೆಯ ಮುಂದಿನ ಭಾನುವಾರ ಬೆಳಿಗ್ಗೆ ಮಡ್ಡಿಯ ಮೇಲೆ ಸಂತೆಯಷ್ಟು ಜನ. ಮಮದಾಪುರದಿಂದ ಎತ್ತಿನ ಚಕ್ಕಡಿ ಕಟ್ಟಿಕೊಂಡು ಬಂದವರೂ ಇದ್ದರು. ನನ್ನ ಹೆಂಡತಿ ಶಾಂತಾ ಕೂಡ ಬಂದಿದ್ದಳು. (ಮೋಟಾರಿನ ಮೇಲೆ ಆಕೆಗೆ ಪ್ರೀತಿಯಿಲ್ಲ. ನಾನು ಏನಾದರೂ ಮಾಡಿಕೊಂಡೇನು ಎಂಬ ಭಯ.)

ಮೊದಲು ಚನ್ನಪ್ಪ ಓಡಿಸಿದ. ನೇರ ದಾರಿಯಲ್ಲಿ ಭರ್ರೆಂದು ಹೋದ. ತಿರುವು ಬಂದಾಗಲೆಲ್ಲ ಬ್ರೇಕ್ ತುಳಿದು ನಿಂತೇಬಿಟ್ಟನೇನೋ ಎನ್ನುವಂತೆ ತಿರುಗಿಸಿದ. ಪಾಪ, ಗಾಡಿ ಒದ್ದಾಡಿತು. ಕುದುರೆಯ ಮೇಲೆ ಹಿಟ್ಟಿನ ಚೀಲ ಹೇರಿದಂತಿತ್ತು. ಮಾಸ್ತರರು ವೇಳೆ ಬರೆದುಕೊಂಡರು.

ಇನ್ನು ಬೂದು ಗಾಡಿ. ಆಗಲೇ ದಸ್ತಗೀರ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದ. ಗಾಡಿ ಚಾಲೂ ಮಾಡಲು ಮುಂದೆ ನಿಂತು ತಿರುಗಿಸುವಾಗ ಹ್ಯಾಂಡಲ್ ಎದುರಾಗಿ ಹೊಡೆದಿತ್ತು. ಮಣಿಕಟ್ಟು ಕುಂಬಳಕಾಯಿಯಂತೆ ಊದಿತ್ತು.

"ಸೋತಂಗಾತಲ್ರಿ ಅವ್ವಾರ," ಎಂದ ಚನ್ನಪ್ಪ.

ಗೌಡತಿ ನನ್ನ ಕಡೆ ತಿರುಗಿದರು. "ವಕೀಲ್ರ, ನಿಮಗ ಓಡಸಾಕ ಬರ್ತದಲ್ಲ?"

ಬರುತ್ತದೆ. ಪುಣೆಯಲ್ಲಿ ಕಾನೂನು ಓದುವಾಗ ಮನೆಮಾಲಿಕರ ಟ್ಯಾಕ್ಸಿ ಓಡಿಸಿಯೇ ನಾನು ಊಟದ ಖರ್ಚು ತೂಗಿಸಿದ್ದು. ಆದರೂ ಚನ್ನಪ್ಪ ಬೇಡವೆನ್ನಲಿ ಎಂದು ಅವನ ಮುಖ ನೋಡಿದೆ. ಅವನು ಕೈ ಬೀಸಿ, "ಓಡಸ್ಲಿ ಬಿಡ್ರಿ. ಸೈಕಲ್ ಹೊಡಿಯಾವ," ಎಂದ.

ಕೂತೆ. ತೊಗಲಿನ ಸೀಟು ಬಿಸಿಲಿಗೆ ಕಾದಿತ್ತು. ಸ್ಟೇರಿಂಗ್ ಹಿಡಿದ ಮೇಲೆಯೇ ನನ್ನ ಇಕ್ಕಟ್ಟು ನನಗೆ ಪೂರ್ತಿ ತಿಳಿದದ್ದು. ಚೆನ್ನಾಗಿ ಓಡಿಸಿದರೆ ನನ್ನ ಗಾಡಿ ಎಗರಿಸಿದ ಗೌಡತಿ ಗೆಲ್ಲುತ್ತಾರೆ. ಕೆಟ್ಟದಾಗಿ ಓಡಿಸಿದರೆ ಉಂಗುರ ತೆಗೆದು ಮುಟ್ಟು ಎಂದ ಚನ್ನಪ್ಪ ಗೆಲ್ಲುತ್ತಾನೆ. ಹೊಟ್ಟೆಕಿಚ್ಚಿನವನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಉಂಟೇ? ಯಾರನ್ನು ಕಂಡರೆ ಹೆಚ್ಚು ಉರಿಯುತ್ತದೆ ಎಂದು ಅಲ್ಲೇ ಕೂತು ತೂಗಿ ನೋಡಿದೆ. ಎರಡೂ ಸಮ.

ಮಾಸ್ತರರು ಕರವಸ್ತ್ರ ಇಳಿಸಿದರು.

ಆಮೇಲೆ ನನಗೆ ಇಬ್ಬರೂ ನೆನಪಿಗೆ ಬರಲಿಲ್ಲ. ಮುಂದೆ ಉದ್ದನೆಯ ಬೂದು ಬಾನೆಟ್, ಅದರಾಚೆ ಕೆಂಪು ಮಡ್ಡಿ, ಅದರಾಚೆ ಬರೀ ಆಕಾಶ. ತಿರುವಿಗೆ ಮೊದಲೇ ಗೇರ್ ಇಳಿಸಿದೆ. ಭಾರದ ಗಾಡಿ, ಮೊದಲು ಹಟ ಹಿಡಿಯಿತು, ಆಮೇಲೆ ಭುಜ ಬಾಗಿಸಿ ಬಂತು. ಗಾಳಿಗೆ ಕಣ್ಣಲ್ಲಿ ನೀರು. ಗಾಳಿಗೇ ಇರಬೇಕು. ನಲವತ್ತರ ವಯಸ್ಸಿನಲ್ಲಿ ಮನುಷ್ಯ ಮತ್ತೇಕೆ ಅಳುತ್ತಾನೆ?

ಸುಣ್ಣದ ಗೆರೆ ದಾಟಿ ನಿಂತಾಗ ಮಾಸ್ತರರು ವಾಚನ್ನು ಎರಡು ಸಲ ನೋಡಿದರು. ಚನ್ನಪ್ಪನಿಗಿಂತ ಬಹಳ ಬೇಗ ಬಂದಿದ್ದೆ.

ಜನ ಓಡಿ ಬಂದರು. ಹಾರ ಬಂತು. ಒಂದು ಬಾನೆಟ್ಟಿಗೆ ಬಿತ್ತು, ಒಂದನ್ನು ಗೌಡತಿಗೆ ಕೊಟ್ಟರು. "ಗೌಡತಿಯವ್ರ ಗಾಡಿ ಗೆದ್ದೈತಿ" ಎಂದು ಮಡ್ಡಿಯ ತುಂಬ ಮಾತು. ಸೀಟಿನಲ್ಲಿ ನಾನೊಬ್ಬ ಕೂತಿದ್ದೇನೆ ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ನಾನೇ ಬಾಗಿಲು ತೆಗೆದುಕೊಂಡು ಇಳಿದೆ.

ಚನ್ನಪ್ಪ ಒಪ್ಪಲಿಲ್ಲ. "ಇದು ಗಾಡಿ ಗೆದ್ದಿದ್ದಲ್ಲ. ಇವ ಓಡಿಸ್ಯಾನ. ನಂದೂ ಇವನ ಓಡಸ್ಲಿ. ಆಮ್ಯಾಲೆ ನೋಡೂಣು."

ವಾದ ನ್ಯಾಯವಾಗಿತ್ತು. ಕೆಂಪು ಗಾಡಿಯನ್ನೂ ಓಡಿಸಿದೆ. (ಉಂಗುರ ತೆಗೆದು ಶಾಂತಾಳ ಕೈಗೆ ಕೊಟ್ಟೆ. ಚನ್ನಪ್ಪ ನೋಡುವಂತೆಯೇ ಕೊಟ್ಟೆ.)

ಯಾವುದು ಮೇಲು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ನೇರ ದಾರಿಯಲ್ಲಿ ಬೂದು ಗಾಡಿಗೆ ಸಾಟಿಯಿಲ್ಲ. ಅದರ ಎಂಜಿನ್ನಿಗೆ ಉಸಿರು ದೊಡ್ಡದು. ಆದರೆ ತಿರುವಿನಲ್ಲಿ ಅದನ್ನು ಪುಸಲಾಯಿಸಬೇಕು. ಕೆಂಪು ಗಾಡಿ ಹಗುರ. ನಾವು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ತಿರುಗಿರುತ್ತದೆ. ಬ್ರೇಕೂ ಚುರುಕು. ನಿಡೋಣಿಯ ಮಡ್ಡಿಯ ಮೇಲೆ ತಿರುವುಗಳೇ ಹೆಚ್ಚಿದ್ದವು. ಆದ್ದರಿಂದ ಕೂದಲೆಳೆಯಷ್ಟರಲ್ಲಿ ಕೆಂಪು ಗೆದ್ದಿತು. ತಿಕೋಟಾ ರಸ್ತೆಯಾಗಿದ್ದರೆ ಬೂದು ಗೆಲ್ಲುತ್ತಿತ್ತು. ಹಾಗೆಂದೇ ತೀರ್ಪು ಕೊಟ್ಟೆ.

ಚನ್ನಪ್ಪ ಅರ್ಧ ತೀರ್ಪು ಕೇಳಿಯೇ ಕುಣಿಯತೊಡಗಿದ. ಆ ಕುಣಿತ ಬಹಳ ಹೊತ್ತು ಉಳಿಯಲಿಲ್ಲ. ಮಮದಾಪುರದ ಚಕ್ಕಡಿಯ ಮೇಲೆ ಕೂತಿದ್ದ ಮುದುಕನೊಬ್ಬ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಸಾವಕಾರ್ರು ಓಡಿಸಿದ್ರ ಚಕ್ಕಡಿ ಆಗ್ತದ ನೋಡು. ವಕೀಲ್ರು ಓಡಿಸಿದ್ರ ಮೋಟಾರ ಆಗ್ತದ."

ಚನ್ನಪ್ಪ ನನ್ನ ಹತ್ತಿರ ಬಂದು ಕೈ ಚಾಚಿದ. ಕೈ ಕುಲುಕಲು ಎಂದುಕೊಂಡೆ. "ಚಾವಿ ಕೊಡು," ಎಂದ. ಅವನ ಮುಖ ನೋಡಿದೆ. ಆ ಮುಖದ ಮೇಲಿದ್ದದ್ದು ನನಗೆ ಚೆನ್ನಾಗಿ ಪರಿಚಯದ್ದು. ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೆನಲ್ಲ. ಗಾಡಿ ಅವನದು. ಆದರೆ ಅದರೊಳಗೆ ಏನಿದೆ ಎಂದು ಕಂಡವನು ನಾನು. ಅದು ಅವನಿಗೂ ಗೊತ್ತಾಗಿಬಿಟ್ಟಿತ್ತು.

ಖುಷಿಯಾಯಿತೇ ಎಂದು ಕೇಳಬೇಡಿ. ಆಯಿತು.

ನಮ್ಮ ಓಣಿಯಲ್ಲಿ ಒಬ್ಬರು ರೇಡಿಯೋ ತಂದಿದ್ದಾರೆ. ಅವರು ಬೆಳಗಾದರೆ ಅಂಗಡಿಗೆ ಹೋಗುತ್ತಾರೆ. ಹಾಡು ಕೇಳುವವರು ಗೋಡೆಯಾಚೆಯ ನಾವು. ರೇಡಿಯೋ ಯಾರದು? ಹಾಡು ಯಾರದು? ಇದನ್ನೆಲ್ಲ ಯೋಚಿಸುತ್ತ ಮೂರು ದಿನ ನಾನು ಬಹಳ ದೊಡ್ಡ ಮನುಷ್ಯನಂತೆ ಓಡಾಡಿದೆ. ನಾಲ್ಕನೆಯ ದಿನ ಗೌಡತಿ ಆಫೀಸಿಗೆ ಬಂದರು. ಕೇಸಿನ ಮಾತೆತ್ತಲಿಲ್ಲ.

"ವಕೀಲ್ರ, ಅವತ್ತು ನೀವು ಇಳಿಯೂಮುಂದ ನಿಮ್ಮ ಮಾರಿ ನೋಡೀನಿ. ಅಂಥ ಸುಖ ಐತೇನು ಅದ್ರಾಗ?"

"ಐತ್ರಿ ಅವ್ವಾರ," ಎಂದೆ. ಸುಳ್ಳು ಹೇಳಲಾಗಲಿಲ್ಲ.

"ಗಾಡಿ ನಂದು. ನಾ ಒಂದ ವರ್ಷದಿಂದ ಬಾಜೂಕ ಕುಂತು ಧೂಳ ಕುಡಿಯಾಕತ್ತೇನಿ. ನನಗ ಕಲಸ್ರಿ."

ಹೊಟ್ಟೆಯಲ್ಲಿ ಹಳೆಯ ಬೆಂಕಿ ಮತ್ತೆ ಹೊತ್ತಿತು. ಗಾಡಿಯಂತೂ ಅವರದಾಗಿತ್ತು. ಈಗ ಓಡಿಸುವ ಸುಖವೂ ಅವರದೇ ಆಗಬೇಕೇ? ನನಗೆ ಉಳಿದದ್ದು ಅದೊಂದೇ. ನೋಡೋಣ ಎಂದು ಕಳಿಸಿದೆ. ಮನೆಯಲ್ಲಿ ಹೇಳಿದಾಗ ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀವು ಒಲ್ಲೆ ಅಂದ್ರ ದಸ್ತಗೀರ ಕಲಸ್ತಾನ. ಆವಾಗ ನಿಮಗ ಆ ಗಾಡ್ಯಾಗ ಕುಂದ್ರೂದೂ ಇಲ್ಲ."

ವಕೀಲ ನಾನು, ವಾದ ಅವಳದು.

ಕಲಿಸಿದೆ. ಅದೇ ಮಡ್ಡಿಯ ಮೇಲೆ. ಮೊದಮೊದಲು ಗಾಡಿ ಎಗರಿ ಎಗರಿ ನಿಲ್ಲುತ್ತಿತ್ತು. ಅವರು ಬೈಯುತ್ತಿರಲಿಲ್ಲ, ಎತ್ತಿಗೆ ಹೇಳುವಂತೆ "ಹೋ, ಹೋ" ಎಂದು ಸಮಾಧಾನ ಹೇಳುತ್ತಿದ್ದರು. ಕ್ಲಚ್ ಬಿಡುವುದು ಕೈಗೆ, ಅಲ್ಲ, ಕಾಲಿಗೆ ಬಂತು. ಆಮೇಲೆ ಒಂದು ಬೆಳಿಗ್ಗೆ ಅವರು ನಾನು ಹೇಳುವ ಮೊದಲೇ ಗೇರ್ ಇಳಿಸಿ, ಆ ಹಟಮಾರಿ ಗಾಡಿಯನ್ನು ತಿರುವಿನೊಳಗೆ ಬೆಣ್ಣೆಯಂತೆ ಜಾರಿಸಿಬಿಟ್ಟರು. ನಾನು ಅದನ್ನು ಪುಸಲಾಯಿಸಬೇಕಾಗಿತ್ತು. ಅವರಿಗೆ ಬೇಕಾಗಲಿಲ್ಲ.

ಶಿಷ್ಯರು ಮೀರಿಸಿದರೆ ಗುರುವಿಗೆ ಹೆಮ್ಮೆ ಅನ್ನುತ್ತಾರೆ. ಅಂದವರು ಯಾರೋ ಗೊತ್ತಿಲ್ಲ. ನನಗೆ ಹೆಮ್ಮೆಯಾಗಲಿಲ್ಲ. ಅವರು ತಿರುಗಿ ನನ್ನನ್ನು ನೋಡಿದರು. ಮುಖ ಅರಳಿತ್ತು. ಗಂಡ ತೀರಿದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ಒದ್ದೆಯಾಯಿತು. ಎರಡೂ ಒಟ್ಟಿಗೆ ಆಗಬಹುದು ಎಂದು ನನಗೆ ಅವತ್ತು ತಿಳಿಯಿತು.

ಸುದ್ದಿ ವಿಜಾಪುರ ಮುಟ್ಟಲು ಎಷ್ಟು ಹೊತ್ತು? ಚನ್ನಪ್ಪ ಮನೆಗೆ ಬಂದ. ಹಾರ್ನ್ ಹೊಡೆಯಲಿಲ್ಲ.

"ಲೇ ವಸಂತ್ಯಾ, ಅವ್ವಾರಿಗೆ ಕಲಿಸಿದಿ. ನನಗ ಕಲಸಂಗಿಲ್ಲೇನು?"

ಲೆಕ್ಕ ಕೇಳಲು ಬರುತ್ತಿದ್ದ ಹುಡುಗನ ದನಿ. ಅವನಿಗೂ ಕಲಿಸಿದೆ. ಅವನು ಬ್ರೇಕನ್ನು ನಂಬುವುದು ಬಿಟ್ಟು ಕಣ್ಣನ್ನು ನಂಬತೊಡಗಿದ. ಉಂಗುರದ ಮಾತು ಮತ್ತೆ ಬರಲಿಲ್ಲ.

ಮೊನ್ನೆ ಭಾನುವಾರ ಮತ್ತೆ ಪಂದ್ಯವಾಯಿತು. ಈ ಸಲ ಯಜಮಾನರೇ ಓಡಿಸಿದರು. ನಾನು ಗೆರೆಯ ಬಳಿ ಮಾಸ್ತರರ ಪಕ್ಕ ನಿಂತಿದ್ದೆ. ಕೆಂಪು ಗಾಡಿ ಚೆಂದವಾಗಿ ಬಂತು. ಬೂದು ಗಾಡಿ ಅದಕ್ಕಿಂತ ಚೆಂದವಾಗಿ ಬಂತು. ಗೌಡತಿ ಗೆದ್ದರು, ಚನ್ನಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ಇಬ್ಬರೂ ಎಂಜಿನ್ನಿನ ಬಿಸಿ ಆರುವ ತನಕ ಅಕ್ಕಪಕ್ಕ ನಿಂತು ಗೇರಿನ ಬಗ್ಗೆ, ತಿರುವಿನ ಬಗ್ಗೆ ಮಾತಾಡಿದರು. ನಾನು ಓದಿದ್ದು, ನಾನು ಕಲಿಸಿದ್ದು, ನನ್ನದೇ ಮಾತುಗಳು. ನಡುವೆ ಬಾಯಿ ಹಾಕಲು ನನಗೆ ಜಾಗ ಸಿಗಲಿಲ್ಲ.

ಹೊರಡುವ ಹೊತ್ತಾಯಿತು. ಚನ್ನಪ್ಪ ಮಾಸ್ತರರನ್ನು ಹತ್ತಿಸಿಕೊಂಡ. ಪಾಪ, ವಯಸ್ಸಾದವರು, ಬಿಸಿಲು ಬೇರೆ. ಗೌಡತಿ ಬಾಗಿಲು ತೆಗೆದು, "ಬರ್ರಿ," ಎಂದರು. ನಾನು ಹೆಜ್ಜೆ ಇಟ್ಟೆ. ಅವರು ಕರೆದದ್ದು ಶಾಂತಾಳನ್ನು. ಮೋಟಾರಿನ ಮೇಲೆ ಪ್ರೀತಿಯೇ ಇಲ್ಲದ ನನ್ನ ಹೆಂಡತಿ ತಲೆಗೆ ಸೆರಗು ಬಿಗಿದುಕೊಂಡು ಕೂತಳು, ನನ್ನ ಕಡೆ ಕೈ ಬೀಸಿದಳು, ಹೋದಳು.

ನಾನು ಬಬಲೇಶ್ವರದ ತನಕ ಚಕ್ಕಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದೆ.

ಎರಡೇ ಸೀಟಿನ ಗಾಡಿ ಕಂಡುಹಿಡಿದ ಆ ಪುಣ್ಯಾತ್ಮನಿಗೆ ಸ್ನೇಹಿತರೇ ಇರಲಿಲ್ಲವೇ?