ನನ್ನ ಫೋನಿನಲ್ಲಿ ಅವರ ಗುಟ್ಟು

ಸಿಂದಗಿಯ ನಮ್ಮ ಓಣಿಯಲ್ಲಿ ಮನೆ ನಂಬರು ಯಾರಿಗೂ ನೆನಪಿಲ್ಲ. ಪಾರ್ಸಲ್ ತರುವವರಿಗೆ ಗೊತ್ತಿರುವುದು ‘ಸಾಲಿ ಅಕ್ಕೋರ ಮನಿ’ ಒಂದೇ, ಅಂದರೆ ಶಾಲೆಯ ಟೀಚರಾದ ನನ್ನದು. ಹಾಗಾಗಿ ಓಣಿಯ ಹೆಂಗಸರೆಲ್ಲ ಸೀರೆ, ಕುಕ್ಕರ್, ಏನೇ ಬೇಕಾದರೂ ನನ್ನ ಫೋನಿನಿಂದಲೇ ತರಿಸುತ್ತಿದ್ದರು. ಆ ದೊಡ್ಡಸ್ತಿಕೆ ನನಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ?

ಹೋದ ವರ್ಷ ಎದುರು ಮನೆಯಾಕೆ ಒಬ್ಬರೇ ಬಂದರು. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ ಅವರ ಒಂದು ಎದೆ ತೆಗೆದಿದ್ದರು. ತಂಗಿಯ ಮನೆಗೆ ಹೋಗಿದ್ದರೆಂದೇ ಓಣಿ ತಿಳಿದಿತ್ತು. ಕುಪ್ಪಸದೊಳಗೆ ಇಟ್ಟುಕೊಳ್ಳುವ ಸಿಲಿಕಾನ್ ಎದೆ ಅವರಿಗೆ ಬೇಕಿತ್ತು.

“ಮಗಳ ಲಗ್ನದ ಮಾತು ನಡದೈತ್ರಿ. ಈ ರೋಗ ಮನಿತನದಾಗ ಐತಿ ಅಂತಾರ. ಯಾರಿಗೂ ಗೊತ್ತಾಗಬಾರದ್ರಿ.”

ತರಿಸಿಕೊಟ್ಟೆ. ನನ್ನ ಬಾಯಿಗೇನೋ ಬೀಗ ಹಾಕಿಕೊಂಡೆ. ಫೋನಿನ ಬಾಯಿಗೆ? ಆ್ಯಪ್ ಹಾಕಿಕೊಂಡ ದಿನ ಮಾರುದ್ದ ಷರತ್ತುಗಳ ಕೆಳಗೆ ‘ಒಪ್ಪಿಗೆ’ ಎಂದಿತ್ತು, ಓದದೇ ಒತ್ತಿದ್ದೆ. ಪ್ರಶ್ನೆಯನ್ನು ಎರಡು ಸಲ ಓದಿ ಎಂದು ದಿನಾ ಮಕ್ಕಳಿಗೆ ಬೈಯುವವಳು ನಾನು!

ಪಂಚಮಿಯ ಮುಂಚೆ ಸೀರೆ ಆರಿಸಲು ಐದಾರು ಜನ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ಸೀರೆಗಳ ನಡುವೆ ಆ ಎದೆಯ ಚಿತ್ರ ಬಂತು, ಮೇಲೆ ‘ನೀವು ಕೊಂಡದ್ದು, ಮತ್ತೆ ಕೊಳ್ಳಿ’ ಎಂಬ ಸಾಲು. ಎಲ್ಲರೂ ನನ್ನ ಎದೆ ನೋಡಿದರು.

“ಅಕ್ಕೋರ, ಇಂಥಾ ಬ್ಯಾನಿ ಬಂದ್ರ ನಮಗೊಂದ್ ಮಾತ ಹೇಳಬಾರದೇನ್ರಿ?”

ನನ್ನದಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಮತ್ತೆ ಯಾರದು ಎಂದು ಕೇಳುತ್ತಾರೆ. ಎದುರು ಮನೆಯಾಕೆ ಮೂಲೆಯಲ್ಲಿ ಸೆರಗು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

“ಈಗ ನಾ ಆರಾಮ ಅದೀನ್ರಿ” ಅಂದುಬಿಟ್ಟೆ.

ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆ್ಯಪ್ ತೆಗೆದುಹಾಕಿದೆ. ಆದರೂ ಯಾರಾದರೂ ಫೋನು ಮುಟ್ಟಿದರೆ ಕಸಿದುಕೊಳ್ಳುತ್ತಿದ್ದೆ. ನನ್ನ ಮೇಲಿನ ಸಿಟ್ಟಿಗೆ ಗಂಡನ ಮೇಲೆ ಹರಿಹಾಯ್ದೆ. ಎದುರು ಮನೆಯಾಕೆಯ ಮೈಯ ಸುದ್ದಿಗೆ ಒಪ್ಪಿಗೆ ಕೊಡಲು ನಾನ್ಯಾರು? ಓಣಿಯವರಾದರೋ ದಿನಕ್ಕೊಬ್ಬರಂತೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು, ನನ್ನ ಬೆನ್ನು ಸವರಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಎದುರು ಮನೆಯಾಕೆ ಬಂದರು. ತಪ್ಪಾಯಿತು ಎನ್ನಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ.

“ಬಂದವರೆಲ್ಲಾ ನಿಮಗ ಏನಂತಾರ್ರಿ?”

“ಹೆದರಬ್ಯಾಡ್ರಿ, ನಾವದೀವಿ ಅಂತಾರ.”

ಅವರು ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡರು.

“ಇನ್ನೊಮ್ಮಿ ಅನ್ರಿ” ಅಂದರು.