ಆಷಾಢದ ಎ ಸರ್ಟಿಫಿಕೇಟು

ಆಗೆಲ್ಲ ನಮ್ಮ ಕಡೆ ಯಾರಿಗೂ ಖಚಿತವಾದ ವಯಸ್ಸು ಅಂತ ಇರುತ್ತಿರಲಿಲ್ಲ. ನಗಬೇಡಿ, ನಿಮ್ಮಲ್ಲೂ ಎಷ್ಟೋ ಜನರ ಹುಟ್ಟಿದ ತಾರೀಖನ್ನು ಶಾಲೆಗೆ ಸೇರಿಸಿಕೊಂಡ ಹೆಡ್‌ಮೇಷ್ಟ್ರೇ ನಿರ್ಧರಿಸಿರುತ್ತಾರೆ. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಒಂದನೇ ಕ್ಲಾಸಿಗೆ ಲಾಯಕ್ಕು, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಹುಟ್ಟಿದ್ದು ಯಾವಾಗ ಅಂದರೆ ರಾಗಿ ಕುಯ್ಲಿನ ಹೊತ್ತಿಗೆ, ಇಲ್ಲವೇ ಕೆರೆ ಕೋಡಿ ಬಿದ್ದ ವರ್ಷ. ಅಷ್ಟೇ ದಾಖಲೆ.

ಆದರೆ ನನ್ನ ಅಕ್ಕ ಸರೋಜಳ ವಯಸ್ಸು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹದಿನಾರು. ಗೊತ್ತಿದ್ದೇ ಗಂಡಿನ ಕಡೆಯವರಿಗೆ ಹದಿನೆಂಟು ಅಂದಿದ್ದೆವು.

ಹಾಗೆ ಹೇಳಬೇಕಾಗಿ ಬಂದದ್ದು ಭಾವನಿಂದ. ನೆಲಮಂಗಲದ ಕಡೆ ಪ್ರೈಮರಿ ಶಾಲೆಯ ಮೇಷ್ಟ್ರು. ಹೆಣ್ಣು ನೋಡಲು ಬಂದಾಗ ಜಾತಕ ಕೇಳಲಿಲ್ಲ, ಹಾಡು ಬರುತ್ತಾ ಅಂತ ಕೇಳಲಿಲ್ಲ. "ಹದಿನೆಂಟು ತುಂಬಿದೆಯಾ?" ಎಂದು ಒಂದೇ ಮಾತು ಕೇಳಿದರು. ಆಗಿನ ಕಾನೂನಿಗೆ ಹುಡುಗಿಗೆ ಹದಿನೈದಾದರೆ ಸಾಕಿತ್ತು. ಹೊಸ ಕಾಲದ ಮೇಷ್ಟ್ರು, ಏನೋ ಹಟ ಅಂದುಕೊಂಡು ಅವ್ವ, "ತುಂಬಿ ನಾಕು ತಿಂಗಳಾಯ್ತಪ್ಪ" ಎಂದುಬಿಟ್ಟಳು. ಮದುವೆಗೆ ಮೂರು ವಾರ ಇರುವಾಗಲೂ ಅಕ್ಕ ನನ್ನ ಜೊತೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. "ಗೆರೆ ಮೇಲೆ ಬಿತ್ತು ಕಣೇ ಸುಶೀ", "ಬಿದ್ದಿಲ್ಲ ಹೋಗೇ", "ಕಣ್ಣು ಕುರುಡಾ ನಿಂಗೆ?" ಎಂದು ಬೀದಿಗೆಲ್ಲ ಕೇಳುವಂತೆ ಜಗಳ. ನನ್ನ ವಾದಕ್ಕೆ ಸಮಸಮ ನಿಲ್ಲುತ್ತಿದ್ದವಳು ಇಡೀ ಊರಲ್ಲಿ ಅವಳೊಬ್ಬಳೇ.

ಮದುವೆಯ ಬೆನ್ನಿಗೇ ಆಷಾಢ ಬಂತು. ಹೊಸ ಸೊಸೆ ತವರಲ್ಲಿರಬೇಕು, ಅಳಿಯ ಅತ್ತೆ ಮನೆ ಹೊಸಿಲು ದಾಟಬಾರದು. ಅದಕ್ಕೆ ನಮ್ಮ ಕಡೆಯ ಅಳಿಯಂದಿರು ಕಂಡುಕೊಂಡ ಉಪಾಯವೆಂದರೆ ಟಾಕೀಸು. ಟಾಕೀಸಿಗೆ ಹೊಸಿಲಿಲ್ಲವಲ್ಲ! ಭಾನುವಾರ ದೊಡ್ಡಬಳ್ಳಾಪುರದಲ್ಲಿ ಮ್ಯಾಟಿನಿಗೆ ಬನ್ನಿ ಎಂದು ಭಾವ ಹೇಳಿ ಕಳಿಸಿದರು. ಕಾವಲಿಗೆ ನಾನು. ಹನ್ನೆರಡು ವರ್ಷ, ತಾಲ್ಲೂಕು ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದು ಇನ್ನೂ ತಿಂಗಳಾಗಿರಲಿಲ್ಲ.

ಅವ್ವ ನನ್ನ ಜಡೆ ಬಿಗಿಯುತ್ತಾ ಹೇಳಿದಳು: "ಇಬ್ರ ಮಧ್ಯ ಕೂತ್ಕೋ. ಒಂದು ಗಳಿಗೆನೂ ಅಕ್ಕನ್ನ ಬಿಡ್ಬೇಡ. ವಯಸ್ಸಿನ ಮಾತು ಬಂದ್ರೆ ಹದಿನೆಂಟು."

"ಸುಳ್ಳು ಹೇಳ್ಬಾರ್ದು ಅಂತ ನೀನೇ..."

"ನಿನ್ ಬಾಯಿಗೆ ಬಹುಮಾನ ಕೊಟ್ಟೋರು ಸ್ಕೂಲ್ನೋರು, ನಾನಲ್ಲ. ಮುಚ್ಕೊಂಡು ಹೋಗು." ಜಡೆಯನ್ನು ಇನ್ನೊಂದು ಸುತ್ತು ಎಳೆದಳು.

ಆಷಾಢದ ಗಾಳಿಗೆ ಬಸ್‌ಸ್ಟ್ಯಾಂಡಿನ ಧೂಳೆಲ್ಲ ಕಣ್ಣಿಗೆ. ಗಲ್ಲಿಗಲ್ಲಿಯಿಂದ ಮಗ್ಗದ ಸದ್ದು. ಭಾವ ಹುರಿದ ಕಡ್ಲೆಕಾಯಿಯ ಪೊಟ್ಟಣ ಹಿಡಿದು ಕಾಯುತ್ತಿದ್ದರು, ಅದರ ಬಿಸಿ ವಾಸನೆ ದೂರಕ್ಕೇ ಬರುತ್ತಿತ್ತು. ಅಕ್ಕನ ತಾಳಿಯ ದಾರದಲ್ಲಿ ಇನ್ನೂ ಅರಿಶಿನ ಹಸಿಯಾಗಿತ್ತು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡದೆ ನಗುತ್ತಾ ನಡೆದರು, ಮಧ್ಯೆ ನಾನು. ಶಿವನೋ ವಿಷ್ಣುವೋ ಬರುವ ದೇವರ ಚಿತ್ರ ಅಂತ ಅವ್ವ ಒಪ್ಪಿಗೆ ಕೊಟ್ಟದ್ದು.

ಟಾಕೀಸಿನ ಬಾಗಿಲಲ್ಲಿ ಖಾಕಿ ಕೋಟಿನ ಮುದುಕ ಟಿಕೆಟ್ ಹರಿಯುತ್ತಿದ್ದ. ಅಕ್ಕನ ಟಿಕೆಟ್ ಹರಿದು ಒಳಗೆ ಬಿಟ್ಟ, ಭಾವನದು ಹರಿದ. ನನಗೆ ಕೈ ಅಡ್ಡ ಬಂತು.

"ಈ ಮಗು ಬ್ಯಾಡ ಸ್ವಾಮಿ. ಬೋರ್ಡ್ ನೋಡ್ಲಿಲ್ವಾ? ವಯಸ್ಕರಿಗೆ ಮಾತ್ರ."

"ದೇವರ ಚಿತ್ರ ಅಲ್ವೇನ್ರೀ?" ಅಂದರು ಭಾವ.

"ಅದು ಗುರುವಾರಕ್ಕೇ ಹೋಯ್ತು. ಇದು ಕೊಲೆ ಕತೆ. ಎ ಸರ್ಟಿಫಿಕೇಟು."

"ಹೋಗ್ಲಿ ಬಿಡಿ. ಬೇರೆ ಭಾನುವಾರ ಬರೋಣ. ಸರೋಜಾ, ಬಾ" ಎಂದು ಭಾವ ತಿರುಗಿದರು.

ಅಲ್ಲಿಗೆ ಮುಗಿಯಬೇಕಿತ್ತು. ನಾನು ಮುಗಿಯಗೊಡಲಿಲ್ಲ. ಸಾಲಲ್ಲಿ ನಿಂತ ಅಷ್ಟು ಜನರ ಮುಂದೆ 'ಮಗು' ಅನ್ನಿಸಿಕೊಂಡದ್ದು ಕಿವಿಯಲ್ಲಿ ಉರಿಯುತ್ತಿತ್ತು.

"ಯಾಕೆ ಬಿಡಲ್ಲ?" ಅಂದೆ.

"ಹದಿನೆಂಟು ತುಂಬಿಲ್ಲ ತಾಯಿ ನಿಂಗೆ."

"ಹದಿನೆಂಟು ತುಂಬಿದ ದಿನ ಕಣ್ಣು ಬದಲಾಗುತ್ತಾ? ಹಿಂದಿನ ದಿನ ನೋಡಿದ್ರೆ ಕೆಡ್ತೀವಿ, ಮಾರನೇ ದಿನ ನೋಡಿದ್ರೆ ಕೆಡಲ್ವಾ?"

ಸಾಲಲ್ಲಿ ಯಾರೋ, "ಲಾಯರಮ್ಮ ಬಂದ್ಲು ಕಣ್ರಪ್ಪೋ, ದಾರಿ ಬಿಡ್ರೋ" ಎಂದರು. ನಗು ಎದ್ದಿತು. ಮುದುಕ ನಗಲಿಲ್ಲ.

"ಕೆಡೋ ಮಾತಲ್ಲ ತಾಯಿ. ನನ್ ಮೊಮ್ಮಗನ್ನ ಇಂಥದೇ ಒಂದಕ್ಕೆ ಬಿಟ್ಟಿದ್ದೆ, ಎಂಟು ವರ್ಷದ್ದು. ಆರು ತಿಂಗಳು ಮನೇಲಿ ದೀಪ ಆರ್ಸೋಕೆ ಬಿಡ್ಲಿಲ್ಲ. ಕಣ್ಣಿಗೆ ಬಿದ್ದಿದ್ದನ್ನ ವಾಪಸ್ ತೆಗಿಯೋಕಾಯ್ತದಾ?"

ಇವತ್ತಿಗೂ ಆ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಅವತ್ತೂ ಇರಲಿಲ್ಲ. ಉತ್ತರವಿಲ್ಲದಾಗ ಎದುರಾಳಿಯ ಬಾಯಿಂದಲೇ ಏನಾದರೂ ಒಪ್ಪಿಸಿ ಅದನ್ನು ಹಿಡಿದುಕೋ ಎಂದು ಚರ್ಚೆ ಕಲಿಸಿದ ಮೇಷ್ಟ್ರು ಹೇಳಿದ್ದರು. ನಾನು ದಾರಿ ಬದಲಿಸಿದೆ.

"ಸರಿ, ವಯಸ್ಸು ಹೇಗೆ ಗೊತ್ತಾಗುತ್ತೆ ನಿಮ್ಗೆ? ಇವರನ್ನೆಲ್ಲ ಕಾಗದ ಕೇಳಿದ್ರಾ?"

"ಗಂಡುಡುಗ್ರಿಗೆ ಮೀಸೆ ನೋಡ್ತೀನಿ. ಹೆಣ್ಮಕ್ಳಿಗೆ ತಾಳಿ."

"ಸುಶೀ, ಸಾಕು ಬಾರೇ" ಎಂದಳು ಅಕ್ಕ, ಒಳಗಿನಿಂದ. ಅವಳ ದನಿ ಬೇರೆಯಾಗಿತ್ತು. ನನಗೆ ಅದು ಕೇಳಿಸಿತು. ಕೇಳಿಸಿತು ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ.

"ತಾಳಿ ಇದ್ರೆ ಹದಿನೆಂಟು ತುಂಬಿರುತ್ತಾ?"

"ತುಂಬ್ದೆ ಯಾರಾರ ಕಟ್ತಾರಾ?"

"ಕಟ್ತಾರೆ! ನಮ್ಮಕ್ಕನಿಗೆ ಹದಿನಾರು!"

ಗೆದ್ದೆ. ಮುದುಕ ಬಾಯಿ ತೆರೆದವನು ತೆರೆದೇ ಇದ್ದ. ಒಳಗೆ ಗಂಟೆ ಹೊಡೆಯಿತು. ಅಕ್ಕ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಬಾಗಿಲಿನ ಕಪ್ಪು ಪರದೆಯ ಅಂಚನ್ನು ಹಿಡಿದು ನಿಂತಿದ್ದಳು. ಭಾವ ಅವಳ ಕಡೆ ತಿರುಗಿದರು.

"ಹೌದಾ, ಸರೋಜಾ?"

ಅಕ್ಕ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಬಸ್‌ಸ್ಟ್ಯಾಂಡಿಗೆ ವಾಪಸ್ ನಡೆದೆವು. ಭಾವ ಪೊಟ್ಟಣವನ್ನು ನನ್ನ ಕೈಗಿಟ್ಟರು. ಕಡ್ಲೆಕಾಯಿ ತಣ್ಣಗಾಗಿತ್ತು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಅಕ್ಕನಿಗೆ ಹೇಳಿದರು: "ನನ್ ತಂಗಿಗೂ ಹದಿನಾರೇ ಇತ್ತು. ಚೊಚ್ಚಲ ಹೆರಿಗೆ. ತಾಯಿ, ಮಗು ಎರಡೂ ಉಳೀಲಿಲ್ಲ." ಅಷ್ಟೇ. ಹಟ ಅಂದುಕೊಂಡಿದ್ದೆವಲ್ಲ, ಅದರ ಹಿಂದೆ ಇದ್ದದ್ದು ಇದು.

ಶ್ರಾವಣ ಬಂತು. ಊರಿನ ಹೊಸ ಸೊಸೆಯರೆಲ್ಲ ಗಂಡನ ಮನೆಗೆ ಹೊರಟರು. ನಮ್ಮ ಮನೆಗೆ ಒಂದು ಕಾರ್ಡು ಬಂತು. ಅಪ್ಪನಿಗೂ ಅವ್ವನಿಗೂ ಓದು ಬರದು, ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನೇ. 'ಸರೋಜಳಿಗೆ ಹದಿನೆಂಟು ತುಂಬಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಶಾಲೆಗೆ ಕಳಿಸಿ. ನನಗೆ ಕೋಪವಿಲ್ಲ, ಭಯವಿದೆ.'

"ಬರ್ತಾನಾ?" ಎಂದಳು ಅವ್ವ. ಕಾರ್ಡಿನಲ್ಲಿ ಬರೆದದ್ದನ್ನೇ ಮತ್ತೆ ಓದಿದೆ. "ಓದ್ಬೇಡ. ಬರ್ತಾನಾ ಹೇಳು." ನಾನು ಕಾರ್ಡನ್ನು ತಿರುಗಿಸಿ ಹಿಂಬದಿಯ ವಿಳಾಸ ನೋಡುತ್ತಾ ನಿಂತೆ.

ಎರಡು ವರ್ಷ. ಬಾವಿಕಟ್ಟೆಯಲ್ಲಿ ಕೊಡ ಇಳಿಸಿದರೆ ಸಾಕು, "ಏನೇ ಸರೋಜಿ, ಸಿನಿಮಾಕ್ಕೋಗಿ ಗಂಡನ್ನ ಅಲ್ಲೇ ಬಿಟ್ಬಂದ್ಯಂತೆ?" ಅಕ್ಕ ತಾಳಿಯನ್ನು ರವಿಕೆಯೊಳಗೆ ಸೇರಿಸಿಕೊಂಡು ತನಗಿಂತ ಚಿಕ್ಕವರ ನಡುವೆ ಹೈಸ್ಕೂಲಿನ ಬೆಂಚಿನಲ್ಲಿ ಕೂತಳು. ಪೋಸ್ಟ್‌ಮ್ಯಾನ್ ಬೀದಿಗೆ ಬಂದರೆ ಅವ್ವ ಒಲೆ ಬಿಟ್ಟು ಏಳುತ್ತಿದ್ದಳು. ಮತ್ತೊಂದು ಶ್ರಾವಣ ಬಂದು ಹೋಯಿತು. ಅದರ ಮುಂದಿನದರಲ್ಲಿ, ಶುಕ್ರವಾರ ಬೆಳಿಗ್ಗೆ, ಭಾವ ಬಂದರು. ಅಷ್ಟು ಹೊತ್ತಿಗೆ ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಹೊಸಿಲ ಮುಂದೆ ನಿಂತ ಅಳಿಯನನ್ನು ಕಂಡು ಅವ್ವ ಅತ್ತ ಅಳು ಮೂರು ಮನೆಯಾಚೆಗೆ ಕೇಳಿಸಿತು.

ಈಗ ನಾನು ನಿಜಕ್ಕೂ ಕಾನೂನು ಓದುತ್ತಿದ್ದೇನೆ. ಈಚೆಗೆ ಹೆಣ್ಣಿನ ಮದುವೆಯ ವಯಸ್ಸನ್ನೂ ಹದಿನೆಂಟಕ್ಕೇರಿಸಿದ್ದಾರೆ. ಅಂತೂ ಟಾಕೀಸಿನ ಬಾಗಿಲಿಗೂ ತಾಳಿಗೂ ಒಂದೇ ಲೆಕ್ಕವಾಯಿತು. ಆ ಕೊಲೆ ಚಿತ್ರ ಮತ್ತೆ ಬಂದಾಗ ನೋಡಿದೆ, ಕಾಗದ ಯಾರೂ ಕೇಳಲಿಲ್ಲ. ಯಾರು ಯಾರನ್ನು ಕೊಂದರೋ ಮರೆತುಹೋಗಿದೆ. ಪರದೆಯ ಅಂಚು ಹಿಡಿದು ನಿಂತ ಅಕ್ಕನ ಮುಖ ಮಾತ್ರ ಹೋಗಿಲ್ಲ. ನಾನು ಹೇಳಿದ್ದು ನಿಜ, ಅದರಿಂದ ಅಕ್ಕ ಓದಿದಳು, ಬಹುಶಃ ಉಳಿದಳು ಎಂದು ವಾದಿಸಬಲ್ಲೆ. ಆದರೆ ಆ ಬಾಗಿಲಲ್ಲಿ ನಾನು ಬಾಯಿ ತೆರೆದದ್ದು ಅವಳಿಗಾಗಿ ಅಲ್ಲ, ಗೆಲ್ಲುವುದಕ್ಕಾಗಿ.

ಹೋದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳ ಜೊತೆ ಮೂವರೂ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದೆವು. ಅಕ್ಕ ಎಸೆದ ಬಿಲ್ಲೆ ಗೆರೆ ಎಳೆದ ಮನೆಯ ನಟ್ಟನಡುವೆ ಬಿತ್ತು. ಬೇಕೆಂದೇ ಹೇಳಿದೆ: "ಗೆರೆ ಮೇಲೆ ಬಿತ್ತು ಕಣೇ."

ಅಕ್ಕ ಬಿಲ್ಲೆಯ ಕಡೆ ನೋಡಲೂ ಇಲ್ಲ.

"ನೀನು ಹೇಳಿದ್ಮೇಲೆ ಸರಿ ಬಿಡೇ" ಎಂದು ಪಕ್ಕಕ್ಕೆ ಸರಿದು ನಿಂತಳು.